ಬಡವರ ಹಕ್ಕು ಯಾವ ಖಜಾನೆಯಲ್ಲಿದೆ?

ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಒಂದು ಹಳೆಯ ಕೋಟೆಯಿದೆ. ಒಂದು ಮಧ್ಯಾಹ್ನ ಆ ಊರಿನಲ್ಲಿ ವೃದ್ಧರೊಬ್ಬರೊಡನೆ ಮಾತಾಡುತ್ತ ಕುಳಿತಿದ್ದೆ. ವೃದ್ಧಾಪ್ಯ ವೇತನಕ್ಕೆ ಈ ಭಾಗದ ಜನ ‘ಪಗಾರ’ ಎನ್ನುತ್ತಾರೆ. ಅವರ ಪಗಾರ ಕೆಲವು ತಿಂಗಳಿಂದ ನಿಂತಿತ್ತು. ಯಾಕೆ ನಿಂತಿತೆಂದು ಅವರಿಗೂ ತಿಳಿದಿರಲಿಲ್ಲ. “ಯಾರನ್ನಾದರೂ ಕೇಳಿದಿರಾ ಚಾಚಾ?” ಎಂದೆ. “ನಸೀಬದಾಗ್ ಇದ್ರ ಬರ್ತದ್ ಬಿಡ್ರಿ” ಎಂದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಗಷ್ಟೇ ಝುಹರ್ ನಮಾಝ್ ಮುಗಿಸಿ ಬಂದಿದ್ದ ಅವರು ಅದನ್ನು ಧರ್ಮದ ಮಾತೆಂದೇ ನಂಬಿದ್ದರು. ಸರಕಾರ ಕೊಟ್ಟರೆ ಅದು ಸರಕಾರದ ದೊಡ್ಡತನ, ಕೊಡದಿದ್ದರೆ ನಮ್ಮ ಹಣೆಬರಹ. ಇದು ಅವರೊಬ್ಬರ ನಂಬಿಕೆಯಲ್ಲ. ಮಸೀದಿಯ ಅಂಗಳದಲ್ಲೂ ಗುಡಿಯ ಕಟ್ಟೆಯಲ್ಲೂ ಇದೇ ಮಾತು ಕೇಳಿಸುತ್ತದೆ. ಹಾಗಾದರೆ ಧರ್ಮಗ್ರಂಥಗಳು ನಿಜವಾಗಿಯೂ ಹೀಗೆ ಹೇಳುತ್ತವೆಯೇ? ಬಡವರ ವಿಷಯದಲ್ಲಿ ಅವು ಆಳುವವನಿಂದ ಕೇಳುವುದು ಉದಾರತೆಯನ್ನೋ, ಲೆಕ್ಕವನ್ನೋ?

ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡದ್ದು ಕಡಿಮೆ. ದಾನದ ಶ್ರೇಷ್ಠತೆಯ ಬಗ್ಗೆ ನಮ್ಮಲ್ಲಿ ಪ್ರವಚನಗಳಿಗೆ ಕೊರತೆಯಿಲ್ಲ. ಆದರೆ ದಾನದ ಮಾತು ಹೆಚ್ಚಿದಷ್ಟೂ ಹಕ್ಕಿನ ಮಾತು ಹಿಂದೆ ಸರಿದಿದೆ. ಗ್ರಂಥಗಳು ಹೇಳಿದ್ದಕ್ಕಿಂತ ನಾವು ಅವುಗಳಿಂದ ಆರಿಸಿಕೊಂಡದ್ದೇ ಈಗ ಧರ್ಮವೆನಿಸಿಕೊಂಡಿದೆ. ಈ ಆಯ್ಕೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕನ್ನಡದಲ್ಲೇ ಇರುವ ಕುರ್‌ಆನಿನ ಪದ

‘ಹಕ್ಕು’ ಎಂಬ ಪದ ಕನ್ನಡಕ್ಕೆ ಬಂದದ್ದು ಅರಬಿ ಮೂಲದ ‘ಹಕ್’ನಿಂದ. ಪವಿತ್ರ ಕುರ್‌ಆನ್ ಬಡವರ ಬಗ್ಗೆ ಮಾತಾಡುವಾಗ ಬಳಸುವ ಪದವೂ ಇದೇ. ಸಜ್ಜನರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕು ಇದೆ ಎಂಬುದು ಅಝ್ಝಾರಿಯಾತ್ ಅಧ್ಯಾಯದ (51:19) ಆಶಯ. ಅಲ್‌ಮಆರಿಜ್ ಅಧ್ಯಾಯದಲ್ಲಿ (70:24-25) ಅದೇ ಹಕ್ಕಿಗೆ ಇನ್ನೊಂದು ವಿಶೇಷಣ ಸೇರುತ್ತದೆ. ಅದು ಗೊತ್ತುಪಡಿಸಿದ ಹಕ್ಕು, ನಿರ್ದಿಷ್ಟವಾದ ಹಕ್ಕು. ಕೊಡುವವನ ಮನಸ್ಸು ಕರಗಿದಾಗ ಹುಟ್ಟುವುದಲ್ಲ, ಕರಗದಿದ್ದರೂ ಇರುವಂಥದ್ದು.

ಇಲ್ಲಿ ‘ವಂಚಿತ’ ಎಂಬ ಮಾತನ್ನೂ ಗಮನಿಸಬೇಕು. ಬೇಡುವವನ ಹಕ್ಕನ್ನಷ್ಟೇ ಹೇಳಿ ಕುರ್‌ಆನ್ ಸುಮ್ಮನಾಗಲಿಲ್ಲ. ಬೇಡಲು ಬಾಯಿ ಬಾರದವನ, ಬಾಗಿಲಿಗೆ ಬಾರದವನ ಹಕ್ಕನ್ನೂ ಅದರ ಪಕ್ಕದಲ್ಲೇ ಇಟ್ಟಿತು. ಬಂದು ಕೇಳಿದವನಿಗೆ ಕೊಡುವುದು ವ್ಯಕ್ತಿಗೆ ಸಾಧ್ಯ. ಬಾರದವನನ್ನು ಹುಡುಕಿಕೊಂಡು ಹೋಗಿ ತಲುಪಿಸಲು ಒಂದು ವ್ಯವಸ್ಥೆಯೇ ಬೇಕು.

ಆ ವ್ಯವಸ್ಥೆಯ ಸುಳಿವು ಅತ್ತೌಬಾ ಅಧ್ಯಾಯದಲ್ಲಿದೆ. ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುವ ಸೂಕ್ತ (9:60) ಆರಂಭವಾಗುವುದು ಬಡವರು ಮತ್ತು ನಿರ್ಗತಿಕರಿಂದ. ಮೂರನೆಯ ವರ್ಗ ಝಕಾತನ್ನು ಸಂಗ್ರಹಿಸುವ ಸಿಬ್ಬಂದಿ. ಸಿಬ್ಬಂದಿ ಇದ್ದಾರೆಂದರೆ ನೇಮಿಸುವವರಿದ್ದಾರೆ, ಲೆಕ್ಕ ಕೇಳುವವರಿದ್ದಾರೆ. ಅದೇ ಅಧ್ಯಾಯದಲ್ಲಿ (9:103) ಪ್ರವಾದಿ ಮುಹಮ್ಮದ್(ಸ)ರಿಗೆ ಜನರ ಸಂಪತ್ತಿನಿಂದ ಪಡೆದುಕೊಳ್ಳುವ ಆದೇಶವಿದೆ. ಮುಆದ್ ಬಿನ್ ಜಬಲ್(ರ)ರನ್ನು ಯಮನಿಗೆ ಕಳಿಸುವಾಗ ಪ್ರವಾದಿ(ಸ) ನೀಡಿದ ಸೂಚನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ದಾಖಲಾಗಿದೆ. ಶ್ರೀಮಂತರಿಂದ ಪಡೆದು ಅಲ್ಲಿಯ ಬಡವರಿಗೆ ಮರಳಿಸಬೇಕೆಂಬುದು ಅದರ ತಾತ್ಪರ್ಯ. ಅಲ್ಲಿರುವ ಕ್ರಿಯಾಪದದ ಅರ್ಥ ‘ಕೊಡು’ ಎಂದಲ್ಲ, ‘ಮರಳಿಸು’ ಎಂದು. ಮರಳಿಸುವುದು ಯಾರದೋ ವಸ್ತುವನ್ನು ಅವರಿಗೇ.

ಇನ್ನು ನಸೀಬಿನ ವಿಷಯ. ಹಸಿದವನಿಗೆ ನಾವೇಕೆ ಉಣಿಸಬೇಕು, ಅಲ್ಲಾಹನು ಬಯಸಿದ್ದರೆ ಅವನೇ ಉಣಿಸುತ್ತಿದ್ದನಲ್ಲ ಎಂಬ ವಾದವನ್ನು ಕುರ್‌ಆನ್ ಉಲ್ಲೇಖಿಸುತ್ತದೆ. ಆದರೆ ಯಾರ ಬಾಯಲ್ಲಿ? ಸತ್ಯವನ್ನು ನಿರಾಕರಿಸಿದವರ ಬಾಯಲ್ಲಿ. ಯಾಸೀನ್ ಅಧ್ಯಾಯದಲ್ಲಿರುವ (36:47) ಈ ವಾದವನ್ನು ಕುರ್‌ಆನ್ ದಾರಿಗೇಡಿಗಳ ಮಾತಿನ ಸಾಲಿನಲ್ಲಿ ನಿಲ್ಲಿಸಿದೆ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಓದಲ್ಪಡುವ ಅಧ್ಯಾಯಗಳಲ್ಲಿ ಯಾಸೀನ್ ಒಂದು. ಸಾವಿನ ಹಾಸಿಗೆಯ ಬಳಿ ಓದುತ್ತೇವೆ, ಗುರುವಾರ ರಾತ್ರಿ ಓದುತ್ತೇವೆ. ಬಡತನವನ್ನು ವಿಧಿಯ ತಲೆಗೆ ಕಟ್ಟುವ ಮಾತನ್ನು ಖಂಡಿಸುವ ಸೂಕ್ತವನ್ನು ಕಂಠಪಾಠ ಮಾಡಿಕೊಂಡು ಅದೇ ಮಾತನ್ನು ಸಮಾಧಾನವಾಗಿ ಆಡುತ್ತೇವೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಹಿಟ್ಟಿನ ಮೂಟೆಯೂ ದಿವಾನಿನ ಪುಸ್ತಕವೂ

ಖಲೀಫಾ ಉಮರ್(ರ)ರ ಒಂದು ಪ್ರಸಂಗ ನಮಗೆಲ್ಲ ಗೊತ್ತು. ರಾತ್ರಿ ಗಸ್ತಿನಲ್ಲಿ ಹಸಿದು ಅಳುವ ಮಕ್ಕಳನ್ನು ಕಂಡು, ಹಿಟ್ಟಿನ ಮೂಟೆಯನ್ನು ತಾವೇ ಬೆನ್ನ ಮೇಲೆ ಹೊತ್ತು ತಂದು, ಅಡುಗೆ ಮಾಡಿ ಉಣಿಸಿದ ಕಥೆಯದು. ಖುತ್ಬಾಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಎಂಥ ದಯಾಳು ಎಂದು ಹೇಳಿ ಮನೆಗೆ ಹೋಗುತ್ತಾರೆ.

ಅವರದೇ ಇನ್ನೊಂದು ಪ್ರಸಂಗವಿದೆ. ಉಮರ್(ರ) ‘ದಿವಾನ್’ ಎಂಬ ದಾಖಲೆ ಪುಸ್ತಕವನ್ನು ತೆರೆದು ಅದರಲ್ಲಿ ಹೆಸರಿದ್ದವರಿಗೆ ಸಾರ್ವಜನಿಕ ಖಜಾನೆಯಿಂದ ಭತ್ಯೆ ಗೊತ್ತುಮಾಡಿದ್ದರು. ಮೊದಲಿಗೆ ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆ ಸಿಗುತ್ತಿತ್ತು. ಒಂದು ರಾತ್ರಿ ಮಗುವೊಂದು ಎಡೆಬಿಡದೆ ಅಳುವುದು ಕೇಳಿ ಅವರು ತಾಯಿಯನ್ನು ವಿಚಾರಿಸಿದರು. ಭತ್ಯೆ ಬೇಗ ಸಿಗಲೆಂದು ಆಕೆ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದಳು. ತಾನು ಮಾಡಿದ ನಿಯಮ ಎಷ್ಟು ಮಕ್ಕಳನ್ನು ಬಲಿ ತೆಗೆದುಕೊಂಡಿತೋ ಎಂದು ಉಮರ್(ರ) ಕಳವಳಗೊಂಡರು. ಬೆಳಗಾದ ಮೇಲೆ ನಿಯಮವನ್ನೇ ಬದಲಿಸಿ, ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು. ಇಬ್ನು ಸಅದ್‌ರಂಥ ಆರಂಭಕಾಲದ ಚರಿತ್ರಕಾರರು ಇದನ್ನು ದಾಖಲಿಸಿದ್ದಾರೆ.

ಇವೆರಡರಲ್ಲಿ ನಮಗೆ ಹೆಚ್ಚು ಪ್ರಿಯವಾದದ್ದು ಮೂಟೆಯ ಕಥೆ. ಯಾಕೆ? ಅದು ಯಾರನ್ನೂ ಇಕ್ಕಟ್ಟಿಗೆ ಸಿಲುಕಿಸುವುದಿಲ್ಲ. ಇಂದಿನ ಯಾವ ಮಂತ್ರಿಯೂ ಮೂಟೆ ಹೊತ್ತು ಕ್ಯಾಮರಾದ ಮುಂದೆ ನಿಲ್ಲಬಹುದು. ಎರಡನೆಯ ಕಥೆ ಹಾಗಲ್ಲ. ಅದು ಕೇಳುವುದು ಮೂರು ಕಠಿಣ ಕೆಲಸಗಳನ್ನು: ನಿಯಮ ಬಡವರ ಮನೆಯೊಳಗೆ ಏನು ಮಾಡುತ್ತಿದೆ ಎಂದು ಹೋಗಿ ನೋಡುವುದು, ತಪ್ಪು ತನ್ನದೆಂದು ಒಪ್ಪುವುದು, ಮತ್ತು ನಿಯಮವನ್ನು ಎಲ್ಲರಿಗೂ ಅನ್ವಯಿಸುವಂತೆ ಬದಲಿಸುವುದು. ಜೀವನವಿಡೀ ಕಲ್ಲು ಹೊತ್ತು, ಕಬ್ಬು ಕಡಿದು ಬೆರಳಿನ ಗೆರೆ ಸವೆದವನ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸದೆ ಹೋದಾಗ ಬೇಕಾಗುವುದು ಈ ಎರಡನೆಯ ಉಮರ್(ರ). ಮೂಟೆಯ ಉಮರ್(ರ)ರನ್ನಷ್ಟೇ ಕೊಂಡಾಡಿ ದಿವಾನಿನ ಉಮರ್(ರ)ರನ್ನು ಮರೆತರೆ ಅವರ ಆಡಳಿತದ ಅರ್ಧವನ್ನೇ ಮರೆತಂತೆ.

ಹಿಜರಿ 18ರಲ್ಲಿ, ಅಂದರೆ ಸುಮಾರು ಕ್ರಿ.ಶ. 639ರಲ್ಲಿ, ಅರೇಬಿಯಾದಲ್ಲಿ ಬಿದ್ದ ಭೀಕರ ಬರವನ್ನು ‘ಬೂದಿಯ ವರ್ಷ’ ಎಂದು ಕರೆಯುತ್ತಾರೆ. ಆಗ ಉಮರ್(ರ) ಬೇರೆ ಪ್ರಾಂತ್ಯಗಳಿಂದ ಧಾನ್ಯ ತರಿಸಿದರು. ಜನರಿಗೆ ತುಪ್ಪ ಸಿಗುವತನಕ ತಾವೂ ತುಪ್ಪ ಮುಟ್ಟಲಿಲ್ಲ. ಹಸಿವಿನ ಆ ವರ್ಷ ಕಳ್ಳತನಕ್ಕೆ ವಿಧಿಸಿದ್ದ ಶಿಕ್ಷೆಯನ್ನು ತಡೆಹಿಡಿದರು. ಅನ್ನ ಒದಗಿಸದ ಆಡಳಿತಕ್ಕೆ ಅನ್ನ ಕದ್ದವನನ್ನು ಶಿಕ್ಷಿಸುವ ನೈತಿಕ ಅಧಿಕಾರವಿಲ್ಲ ಎಂಬ ದೊಡ್ಡ ತತ್ವ ಇದರ ಹಿಂದಿದೆ. ಇಸ್ಲಾಮೀ ದಂಡನೆಗಳ ಬಗ್ಗೆ ಆವೇಶದಿಂದ ಮಾತಾಡುವ ನಮ್ಮವರೂ, ಅವನ್ನು ಹೀಗಳೆಯುವ ಟೀಕಾಕಾರರೂ ಸಮಾನವಾಗಿ ಬಿಟ್ಟುಬಿಡುವ ಅಧ್ಯಾಯವಿದು.

ಈ ಹೊಣೆ ಮುಸ್ಲಿಮರಿಗೆ ಸೀಮಿತವಾಗಿತ್ತೆ? ಹಾರೂನ್ ರಶೀದನ ಕಾಲದ ನ್ಯಾಯಾಧೀಶ ಅಬೂ ಯೂಸುಫ್ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಬರುವ ಘಟನೆ ಇದಕ್ಕೆ ಉತ್ತರ. ಭಿಕ್ಷೆ ಬೇಡುತ್ತಿದ್ದ ಯಹೂದಿ ವೃದ್ಧನೊಬ್ಬನನ್ನು ಕಂಡ ಉಮರ್(ರ) ಮೊದಲು ತಮ್ಮ ಮನೆಯಿಂದ ಏನನ್ನೋ ಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಖಜಾನೆಯ ಅಧಿಕಾರಿಯನ್ನು ಕರೆಸಿ, ಇವನಿಗೂ ಇವನಂಥವರಿಗೂ ಜಿಝ್ಯಾ ತೆರಿಗೆಯಿಂದ ವಿನಾಯಿತಿ ಕೊಟ್ಟು ಖಜಾನೆಯಿಂದ ನೆರವು ಗೊತ್ತುಮಾಡಿಸಿದರು. ದುಡಿಯುವ ವಯಸ್ಸಿನಲ್ಲಿ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ ಎಂಬುದು ಅವರ ತರ್ಕವಾಗಿತ್ತು. ಭಾತಂಬ್ರಾದ ಆ ಚಾಚಾ ‘ಪಗಾರ’ ಎಂದು ಕರೆದದ್ದರ ಹಿಂದಿನ ತರ್ಕವೂ ಇದೇ. ಪಗಾರ ಎಂದರೆ ದುಡಿದದ್ದಕ್ಕೆ ಸಲ್ಲುವುದು. ಪದ ಅವರ ಬಾಯಲ್ಲೇ ಇತ್ತು, ಅರ್ಥ ಜಾರಿಹೋಗಿತ್ತು.

ಯೂಸುಫ್(ಅ)ರ ಕಣಜ

ಸರಕಾರ ಮತ್ತು ಹಸಿವಿನ ಸಂಬಂಧವನ್ನು ವಿಸ್ತಾರವಾಗಿ ಹೇಳುವ ಧರ್ಮಗ್ರಂಥದ ಕಥೆ ಪ್ರವಾದಿ ಯೂಸುಫ್(ಅ)ರದು. ಏಳು ವರ್ಷ ಬೆಳೆ, ಏಳು ವರ್ಷ ಬರ. ಬೆಳೆಯ ಕಾಲದಲ್ಲಿ ತೆನೆಯಲ್ಲೇ ಧಾನ್ಯ ಉಳಿಸಿಡಬೇಕೆಂದು ಅವರು ಸಲಹೆ ಕೊಟ್ಟರು. ನಂತರ ದೇಶದ ಕಣಜಗಳ ಹೊಣೆಯನ್ನು ತಾವೇ ಕೇಳಿ ಪಡೆದರು. ಅದಕ್ಕೆ ಅವರು ಮುಂದಿಟ್ಟ ಅರ್ಹತೆಗಳು ಎರಡು (12:55): ಕಾಪಾಡುವ ನಿಷ್ಠೆ ಮತ್ತು ತಿಳಿವಳಿಕೆ. ಆಡಳಿತಗಾರ ಪ್ರಾಮಾಣಿಕನಾಗಿದ್ದರೆ ಸಾಲದು, ಕೆಲಸ ಬಲ್ಲವನೂ ಆಗಿರಬೇಕು. ಅವರು ಉಣಿಸಿದ ಈಜಿಪ್ಟಿನ ಜನ ಅವರ ಧರ್ಮದವರಾಗಿರಲಿಲ್ಲ, ದೊರೆಯೂ ಅವರ ಧರ್ಮದವನಾಗಿರಲಿಲ್ಲ ಎಂಬುದೂ ನೆನಪಿರಲಿ. ಬಹುಧರ್ಮೀಯ ದೇಶದ ಆಡಳಿತದಲ್ಲಿ ಮುಸ್ಲಿಮನೊಬ್ಬ ಹೇಗೆ ಪಾಲ್ಗೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಮಾದರಿ ಬೇಡ.

ಇದೇ ಕಥೆ ಬೈಬಲಿನ ಆದಿಕಾಂಡದಲ್ಲೂ ಇದೆ. ಅಲ್ಲಿ 47ನೆಯ ಅಧ್ಯಾಯದಲ್ಲಿ ಕುರ್‌ಆನಿನಲ್ಲಿಲ್ಲದ ಒಂದು ಭಾಗ ಬರುತ್ತದೆ. ಬರ ಮುಂದುವರಿದಂತೆ ಜನ ಮೊದಲು ಹಣ ಕೊಟ್ಟು ಧಾನ್ಯ ಕೊಳ್ಳುತ್ತಾರೆ. ಹಣ ಮುಗಿದಾಗ ದನಕರು ಕೊಡುತ್ತಾರೆ, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸುತ್ತಾರೆ. ಜೀವ ಉಳಿಯುತ್ತದೆ, ಜಮೀನು ದೊರೆಯದಾಗುತ್ತದೆ. ಎರಡು ಗ್ರಂಥಗಳ ನಡುವೆ ಯಾವುದು ಮೇಲು ಎಂಬ ಜಗಳಕ್ಕೆ ಇದನ್ನು ಹೇಳುತ್ತಿಲ್ಲ. ಬೈಬಲಿನ ಈ ಭಾಗ ನಮ್ಮ ಕಾಲಕ್ಕೂ ಒಂದು ಎಚ್ಚರಿಕೆ: ಹಸಿವನ್ನು ನೀಗಿಸುವ ಸರಕಾರವೇ ಹಸಿದವನನ್ನು ಕೊಂಡುಕೊಳ್ಳಲೂಬಹುದು. ಅಂದು ಬೆಲೆ ಹೊಲ, ಇಂದು ಓಟು. ಕೊಟ್ಟದ್ದು ಹಕ್ಕಾಗಿದ್ದರೆ ಪಡೆದವನು ಸ್ವತಂತ್ರ, ಉಪಕಾರವಾಗಿದ್ದರೆ ಋಣಿ.

ಬೈಬಲಿನ ಪ್ರವಾದಿಗಳು ಈ ಅಪಾಯವನ್ನು ಚೆನ್ನಾಗಿ ಬಲ್ಲವರು. 72ನೆಯ ಕೀರ್ತನೆ ಒಳ್ಳೆಯ ಅರಸನನ್ನು ಅಳೆಯುವುದು ಬಡವರಿಗೆ ಅವನು ದೊರಕಿಸುವ ನ್ಯಾಯದಿಂದ. ಯೆಶಾಯನು (10ನೆಯ ಅಧ್ಯಾಯ) ಬಡವರ ನ್ಯಾಯವನ್ನು ತಪ್ಪಿಸುವಂಥ ಕಟ್ಟಳೆಗಳನ್ನು ಬರೆಯುವವರನ್ನು ಶಪಿಸುತ್ತಾನೆ. ಗಮನಿಸಿ, ಅವನ ಸಿಟ್ಟು ಕಟ್ಟಳೆ ಮುರಿದವರ ಮೇಲಲ್ಲ, ಬರೆದವರ ಮೇಲೆ. ಬಡವರು ಸದಾ ನಿಮ್ಮೊಡನೆ ಇರುತ್ತಾರೆ ಎಂಬ ಯೇಸುವಿನ ಮಾತನ್ನು ಕೈಕಟ್ಟಿ ಕುಳಿತುಕೊಳ್ಳಲು ಬಳಸುವವರಿದ್ದಾರೆ. ಆ ಮಾತಿನ ಬೇರು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿದೆ. ಅಲ್ಲಿ ಅದರ ಬೆನ್ನಿಗೇ ಬರುವುದು ಕೈ ಬಿಚ್ಚಿ ಕೊಡಬೇಕೆಂಬ ಆಜ್ಞೆ. ಅರ್ಧ ವಾಕ್ಯವನ್ನು ಧರ್ಮವಾಗಿಸುವ ಚಾಳಿ ನಮ್ಮೊಬ್ಬರದೇ ಅಲ್ಲ ಎಂದಾಯಿತು.

ಬೀದರಿನ ಎರಡು ಖಜಾನೆ

ಈಗ ನಮ್ಮ ನೆಲಕ್ಕೆ ಬರೋಣ. ಬೀದರ್ ಮತ್ತು ಕಲ್ಯಾಣದ ನೆನಪಿನಲ್ಲಿ ಖಜಾನೆಯ ಎರಡು ಕಥೆಗಳಿವೆ. ಎರಡರಲ್ಲೂ ಮಂತ್ರಿಯೊಬ್ಬನ ಪರೀಕ್ಷೆಯಾಗುತ್ತದೆ.

ಮೊದಲನೆಯದು 12ನೆಯ ಶತಮಾನದ ಬಸವಣ್ಣನವರದು. ಬಿಜ್ಜಳನ ಭಂಡಾರಿಯಾಗಿದ್ದ ಅವರು ಅರಮನೆಯ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆಂದು ದೂರು ಹೋಗುತ್ತದೆ. ಬಿಜ್ಜಳ ಲೆಕ್ಕ ಮಾಡಿಸಿದಾಗ ಭಂಡಾರದಲ್ಲಿ ಒಂದು ಕಾಸೂ ಕಡಿಮೆಯಿರುವುದಿಲ್ಲ ಎನ್ನುತ್ತವೆ ಪುರಾಣಗಳು. ಎರಡನೆಯದು 15ನೆಯ ಶತಮಾನದ ಬಹಮನಿ ವಜೀರ ಮಹಮೂದ್ ಗವಾನನದು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಈತನನ್ನು 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಕೊಲ್ಲಿಸಿದ. ಆತನ ಸಂಪತ್ತೆಲ್ಲಿ ಎಂದು ಹುಡುಕಿದಾಗ ಗವಾನ್ ಇಟ್ಟಿದ್ದದ್ದು ಎರಡು ಖಜಾನೆ ಎಂದು ಅವನ ಲೆಕ್ಕದವನು ತಿಳಿಸಿದನಂತೆ. ಒಂದು ರಾಜನ ಖಜಾನೆ, ಸೈನ್ಯ ಮತ್ತು ಅಧಿಕಾರದ ವೆಚ್ಚಕ್ಕೆ. ಇನ್ನೊಂದು ಬಡವರ ಖಜಾನೆ. ಅದಕ್ಕೆ ಹಣ ಬರುತ್ತಿದ್ದದ್ದು ಗವಾನನ ಸ್ವಂತ ವ್ಯಾಪಾರದ ಲಾಭದಿಂದ. ಎರಡರಲ್ಲೂ ಉಳಿದಿದ್ದದ್ದು ಅಲ್ಪ. ಇತಿಹಾಸಕಾರ ಫಿರಿಷ್ತಾ ಇದನ್ನು ದಾಖಲಿಸಿದ್ದಾನೆ.

ಇಬ್ಬರೂ ವೈಯಕ್ತಿಕ ಪ್ರಾಮಾಣಿಕತೆಯ ಎತ್ತರದ ಮಾದರಿಗಳು. ಅದರಲ್ಲಿ ಸಂಶಯವಿಲ್ಲ. ಆದರೆ ಕಥೆಗಳನ್ನು ಇನ್ನೊಮ್ಮೆ ಓದಿ. ಎರಡರಲ್ಲೂ ಮಂತ್ರಿ ನಿರ್ದೋಷಿ ಎಂದು ಸಾಬೀತಾಗುವುದು ಹೇಗೆ? ರಾಜನ ಖಜಾನೆಯ ಹಣ ಬಡವರಿಗಾಗಿ ಖರ್ಚಾಗಿಲ್ಲ ಎಂದು ತೋರಿಸುವುದರಿಂದ! ಭಂಡಾರ ಬರಿದಾಗಿದ್ದರೆ ಏನಾಗುತ್ತಿತ್ತು, ಆ ಭಂಡಾರ ತುಂಬಿದ್ದು ಯಾರ ದುಡಿಮೆಯಿಂದ ಎಂಬ ಪ್ರಶ್ನೆಯನ್ನು ಕಥೆ ಹೇಳಿದವರು ಕೇಳಲಿಲ್ಲ. ಬಡವರಿಗೆ ಬೇರೆ ಪೆಟ್ಟಿಗೆ, ರಾಜ್ಯಕ್ಕೆ ಬೇರೆ ಪೆಟ್ಟಿಗೆ ಎಂಬುದನ್ನು ಕಥೆಗಳು ಸಹಜವೆಂದು ಒಪ್ಪಿಕೊಂಡಿವೆ. ಕುರ್‌ಆನ್ ಒಪ್ಪದಿರುವುದು ಇದನ್ನೇ. ಯುದ್ಧವಿಲ್ಲದೆ ಕೈಸೇರಿದ ಸಾರ್ವಜನಿಕ ಸಂಪತ್ತನ್ನು ಹೇಗೆ ಹಂಚಬೇಕೆಂದು ಹೇಳುವ ಸೂಕ್ತ (59:7) ಅನಾಥರನ್ನೂ ನಿರ್ಗತಿಕರನ್ನೂ ಪ್ರಯಾಣಿಕರನ್ನೂ ಆ ಸಂಪತ್ತಿನ ಪಾಲುದಾರರೆಂದೇ ಹೆಸರಿಸುತ್ತದೆ. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತಾಡದಿರಲಿ ಎಂಬ ಕಾರಣವನ್ನೂ ಕೊಡುತ್ತದೆ. ಬಡವರ ಪಾಲು ಇರುವುದು ರಾಜ್ಯದ ಪೆಟ್ಟಿಗೆಯಲ್ಲೇ, ಪಕ್ಕದ ಚಿಕ್ಕ ಪೆಟ್ಟಿಗೆಯಲ್ಲಲ್ಲ.

ಗವಾನನ ಚರಿತ್ರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಬಡವರಿಗೆ ಸ್ವಂತ ಹಣ ಹಂಚಿದ್ದಕ್ಕೆ ಅವನ ಮೇಲೆ ಯಾರೂ ಮುನಿಯಲಿಲ್ಲ. ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ಒಡೆದು, ಭೂಮಿ ಅಳೆಸಿ, ಸರದಾರರ ಹಿಡಿತವನ್ನು ಸಡಿಲಿಸಿದಾಗ ಅವರು ಮುನಿದರು. ದಖನಿಗರು ಮತ್ತು ಹೊರಗಿನಿಂದ ಬಂದವರ ನಡುವಿನ ಹಗೆಯೂ ಸೇರಿ ಅವನ ಜೀವಕ್ಕೆ ಎರವಾಯಿತು. ದಾನಕ್ಕೆ ಶತ್ರುಗಳಿಲ್ಲ, ಆದಾಯದ ಲೆಕ್ಕಕ್ಕೆ ಕೈಹಾಕಿದವನಿಗೆ ಶತ್ರುಗಳಿದ್ದಾರೆ. ದಾನದ ಪ್ರವಚನ ಎಲ್ಲರಿಗೂ ಯಾಕೆ ಹಿತವಾಗಿದೆ ಎಂಬುದಕ್ಕೂ ಇದೇ ಉತ್ತರ.

ಬಹಮನಿ ಚರಿತ್ರೆಯಲ್ಲಿ ಖಜಾನೆಯನ್ನೇ ತೆರೆದ ಉದಾಹರಣೆಯೂ ಇದೆ. 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಶಾಹನ ಕಾಲದಲ್ಲಿ ದಖ್ಖನಿಗೆ ಬರ ಬಡಿಯಿತು. ಸರಕಾರಿ ಸಾರಿಗೆಯ ಸಾವಿರ ಎತ್ತುಗಳು ಮಾಳವ ಮತ್ತು ಗುಜರಾತಿನಿಂದ ಧಾನ್ಯ ತಂದವು, ಅದನ್ನು ಕಡಿಮೆ ಬೆಲೆಗೆ ಮಾರಲಾಯಿತು. ಗುಲ್ಬರ್ಗಾ, ಬೀದರ್, ದೌಲತಾಬಾದ್ ಮುಂತಾದೆಡೆ ಅನಾಥ ಮಕ್ಕಳಿಗೆ ಶಾಲೆಗಳನ್ನು ತೆರೆದು, ರಾಜ್ಯದ ವೆಚ್ಚದಲ್ಲೇ ಊಟ, ವಸತಿ ಒದಗಿಸಲಾಯಿತು. ಈ ವಿವರಗಳನ್ನು ಕೊಡುವ ಬ್ರಿಟಿಷ್ ಇತಿಹಾಸಕಾರ ವೂಲ್ಸ್‌ಲಿ ಹೇಗ್, ಆ ಅಗ್ಗದ ಧಾನ್ಯ ಸಿಕ್ಕಿದ್ದು ಮುಸ್ಲಿಮರಿಗೆ ಮಾತ್ರ ಎಂದೂ ಬರೆದಿದ್ದಾನೆ. ನಾವು ಮೊದಲರ್ಧವನ್ನು ಹೆಮ್ಮೆಯಿಂದ ಹೇಳಿ ಎರಡನೆಯದನ್ನು ನುಂಗಬಾರದು. ಹಾಗೆ ನಡೆದಿದ್ದರೆ ಅದು ಯಹೂದಿ ವೃದ್ಧನ ಕೈಹಿಡಿದ ಉಮರ್(ರ)ರ ದಾರಿಯಿಂದ ದೂರ ಸರಿದ ಕೆಲಸ. ಹಸಿವಿಗೆ ಧರ್ಮ ಕೇಳಿದ ಆಡಳಿತ ಯಾವ ಹೆಸರಿನದಾದರೂ ಗ್ರಂಥದ ಮುಂದೆ ತಪ್ಪಿತಸ್ಥ. ಈ ಮಾತನ್ನು ಇಂದಿನ ಆಡಳಿತಗಳಿಗೆ ಹೇಳುವ ನೈತಿಕತೆ ನಮಗೆ ಬರಬೇಕಾದರೆ ನಮ್ಮ ಸುಲ್ತಾನರಿಗೂ ಹೇಳಬೇಕು.

‘ಭಾಗ್ಯ’ ಎಂಬ ಹೆಸರು

ಗಣರಾಜ್ಯಕ್ಕೂ ಒಂದು ಗ್ರಂಥವಿದೆ. ಸಂವಿಧಾನದ 39ನೆಯ ವಿಧಿ ಸಂಪತ್ತು ಕೆಲವರಲ್ಲಿ ಕೇಂದ್ರೀಕೃತವಾಗದಂತೆ ನೋಡಿಕೊಳ್ಳಲು ಸರಕಾರಕ್ಕೆ ಹೇಳುತ್ತದೆ. 41ನೆಯ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆಯ ಕಾಲದಲ್ಲಿ ಸಾರ್ವಜನಿಕ ನೆರವಿನ ಬಗ್ಗೆ ಹೇಳುತ್ತದೆ. ಇವು ನ್ಯಾಯಾಲಯದ ಮೂಲಕ ನೇರವಾಗಿ ಜಾರಿ ಮಾಡಿಸಲಾಗದ ನಿರ್ದೇಶಕ ತತ್ವಗಳು. ಆದರೂ 2001ರಲ್ಲಿ ಆಹಾರದ ಹಕ್ಕಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಅನ್ನ ಜೀವಿಸುವ ಹಕ್ಕಿನ ಭಾಗವೆಂಬ ಮಾತಿಗೆ ಬಲ ಬಂತು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆ ವರ್ಷದ ನವೆಂಬರ್ 28ರಂದು ಕೋರ್ಟು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಬೀದರ್ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಯಿತು. 2006ರ ಫೆಬ್ರವರಿ 2ರಂದು ಉದ್ಯೋಗ ಖಾತರಿ ಕಾನೂನು ಮೊದಲು ಜಾರಿಯಾದ 200 ಜಿಲ್ಲೆಗಳಲ್ಲೂ ಬೀದರ್ ಇತ್ತು. ಪಟ್ಟಿಯಲ್ಲಿ ಮೊದಲು ಬರುವುದು ಹೆಮ್ಮೆಯೇನಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಇದ್ದದ್ದು ಗುಲ್ಬರ್ಗಾ ವಿಭಾಗದಲ್ಲೇ. ಸಂಪತ್ತು ಉಳ್ಳವರ ನಡುವೆಯಷ್ಟೇ ಅಲ್ಲ, ಉಳ್ಳ ಜಿಲ್ಲೆಗಳ ನಡುವೆಯೂ ಸುತ್ತುತ್ತದೆ. 2012ರ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಆ ಸುತ್ತನ್ನು ಮುರಿಯುವ ತಡವಾದ ಪ್ರಯತ್ನ.

ಇಲ್ಲಿ ಹೆಸರುಗಳನ್ನು ನೋಡಿ. ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. ದಾಸೋಹ ಶರಣರ ಸುಂದರವಾದ ಪದ. ಕೊಡುವವನು ತಾನು ಒಡೆಯನಲ್ಲ, ಸೇವಕ ಎಂದು ತಿಳಿದು ಕೊಡುವುದು ಅದರ ಅರ್ಥ. ಆ ವಿನಯ ಸರಕಾರಕ್ಕೆ ಬಂದಿದ್ದರೆ ಹೆಸರು ಸಾರ್ಥಕವಾಗುತ್ತಿತ್ತು. 2013ರಲ್ಲಿ ಎರಡು ಬೆಳವಣಿಗೆಗಳಾದವು. ಕೇಂದ್ರದ ಆಹಾರ ಭದ್ರತಾ ಕಾಯ್ದೆ ಪಡಿತರವನ್ನು ಕಾನೂನುಬದ್ಧ ಹಕ್ಕನ್ನಾಗಿಸಿತು. ಅದೇ ವರ್ಷ ರಾಜ್ಯದಲ್ಲಿ ಕಡುಬಡವರಿಗೆ ಕೆ.ಜಿ.ಗೆ 1 ರೂ. ದರದ ಅಕ್ಕಿ ಬಂತು, ಅದಕ್ಕೆ ‘ಅನ್ನಭಾಗ್ಯ’ ಎಂಬ ಹೆಸರಾಯಿತು. ಯೋಜನೆ ಅಸಂಖ್ಯ ಒಲೆಗಳನ್ನು ಹೊತ್ತಿಸಿತು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಹೆಸರಿಗೆ ನನ್ನ ತಕರಾರಿದೆ. ಭಾಗ್ಯ ಎಂದರೇನು? ಚಾಚಾ ಹೇಳಿದ ನಸೀಬು ತಾನೆ? ಅದಕ್ಕೂ ಮುನ್ನ 2006ರಲ್ಲಿ ಬೇರೊಂದು ಸರಕಾರ ಹೆಣ್ಣುಮಕ್ಕಳ ಯೋಜನೆಗೆ ‘ಭಾಗ್ಯಲಕ್ಷ್ಮಿ’ ಎಂದು ಹೆಸರಿಟ್ಟಿತ್ತು. ಯಾವ ಪಕ್ಷ ಬಂದರೂ ಕಾನೂನಿನ ಹಕ್ಕು ಜನರ ಬಾಯಲ್ಲಿ ಅದೃಷ್ಟವಾಗುತ್ತದೆ.

ಹೆಸರಲ್ಲೇನಿದೆ ಎನ್ನಬೇಡಿ. ಭಾಗ್ಯವೆಂದು ಹಂಚಿದ್ದನ್ನೇ ಉಳ್ಳವರು ಆಮೇಲೆ ‘ಬಿಟ್ಟಿ ಭಾಗ್ಯ’ ಎಂದು ಅಣಕಿಸಿದರು. ಪಡೆಯುವವನು ಹಕ್ಕುದಾರನಾಗುವ ಬದಲು ‘ಫಲಾನುಭವಿ’ಯಾದ. ಹಕ್ಕುದಾರ ಲೆಕ್ಕ ಕೇಳುತ್ತಾನೆ, ಫಲಾನುಭವಿ ಕೈಮುಗಿಯುತ್ತಾನೆ. 2023ರ ಜುಲೈಯಿಂದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ ಕೆ.ಜಿ.ಗೆ 34 ರೂ.ನಂತೆ ಹಣ ಬಂತು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಜೋಳದ ರೊಟ್ಟಿ ತಿಂದು ಬೆಳೆದ ಈ ಸೀಮೆಯವನನ್ನು ನಿನಗೇನು ಬೇಕು ಎಂದು ಕೇಳಿದವರೆಷ್ಟು ಮಂದಿ? ಪ್ರಮಾಣ ಮುರಿದ ಪ್ರಾಯಶ್ಚಿತ್ತವಾಗಿ ಬಡವರಿಗೆ ಉಣಿಸುವಾಗಲೂ ನಿಮ್ಮ ಮನೆಯವರಿಗೆ ಸಾಮಾನ್ಯವಾಗಿ ಉಣಿಸುವ ದರ್ಜೆಯದನ್ನೇ ಉಣಿಸಬೇಕೆಂಬುದು ಕುರ್‌ಆನಿನ ಅಳತೆ (5:89). ಆ ಅಳತೆಯನ್ನು ಸರಕಾರಿ ಗೋದಾಮಿಗೂ ಹಿಡಿದು ನೋಡಬೇಕು.

ಸಾಲದ ವಿಷಯವೂ ಹೀಗೆಯೇ. 1990ರ ದಶಕದ ಕೊನೆಯಲ್ಲಿ ತೊಗರಿ ಕೈಕೊಟ್ಟಾಗ ಬೀದರ್ ಜಿಲ್ಲೆಯ ರೈತರ ಆತ್ಮಹತ್ಯೆಗಳು ನಾಡನ್ನು ಬೆಚ್ಚಿಬೀಳಿಸಿದವು. ಸಾಲ ತೀರಿಸಲಾಗದೆ ಸತ್ತವರ ಸಾಲದ ಹೊಣೆ ತನ್ನದು, ಅವರು ಬಿಟ್ಟುಹೋದ ಆಸ್ತಿ ವಾರಸುದಾರರದು ಎಂದು ಪ್ರವಾದಿ(ಸ) ಸಾರಿದ್ದರು. ಮದೀನಾದ ಖಜಾನೆಗೆ ಸಂಪತ್ತು ಬರತೊಡಗಿದ ಮೇಲೆ, ರಾಜ್ಯದ ನಾಯಕರಾಗಿ ಆಡಿದ ಮಾತದು. ಸಾಲಮನ್ನಾವನ್ನು ಚುನಾವಣೆಯ ಕೊಡುಗೆಯೆಂದು ಭಾವಿಸಿದವರು ಆ ಮಾತನ್ನು ಓದಬೇಕು.

ನಮ್ಮ ಪಾಲಿನ ಕೆಲಸ

ಇಷ್ಟೆಲ್ಲ ಹೇಳಿ ಸರಕಾರವನ್ನಷ್ಟೇ ಕಟಕಟೆಗೆ ತಂದರೆ ಅರ್ಧ ಸತ್ಯವಾದೀತು. ರಮಝಾನಿನಲ್ಲಿ ನಮ್ಮ ಶ್ರೀಮಂತರ ಬಾಗಿಲ ಮುಂದೆ ನಿಲ್ಲುವ ಹೆಂಗಸರ ಸಾಲನ್ನು ನೋಡಿ. ಗೊತ್ತುಪಡಿಸಿದ ಹಕ್ಕು ಅಲ್ಲಿ ಹತ್ತು, ಇಪ್ಪತ್ತರ ನೋಟಾಗಿ ಕೈಗೆ ಬೀಳುತ್ತದೆ. ಸಂಗ್ರಹಿಸಿ, ಪಟ್ಟಿ ಮಾಡಿ, ಒಂದು ಕುಟುಂಬ ಮುಂದಿನ ವರ್ಷ ಸಾಲಿನಲ್ಲಿ ನಿಲ್ಲದಂತೆ ಕೊಡುವ ವ್ಯವಸ್ಥೆ ಬೆರಳೆಣಿಕೆಯ ಕಡೆ ಮಾತ್ರ ಇದೆ. ನಾವೇ ನಮ್ಮ ಬಡವರನ್ನು ಫಲಾನುಭವಿಗಳಾಗಿಸಿರುವಾಗ ಸರಕಾರಕ್ಕೆ ಹಕ್ಕಿನ ಪಾಠ ಹೇಳುವುದು ಸುಲಭವಲ್ಲ. ಝಕಾತ್ ಕೊಟ್ಟರೆ ಹೊಣೆ ಮುಗಿಯಿತೆಂದೂ ತಿಳಿಯಬಾರದು. ಝಕಾತ್ ಸಾಲದಾದರೆ ಬಡವರ ಆಹಾರ, ಬಟ್ಟೆ, ವಸತಿಗಾಗಿ ಆಯಾ ನಾಡಿನ ಶ್ರೀಮಂತರನ್ನು ಆಡಳಿತ ಒತ್ತಾಯಿಸಬೇಕೆಂದು 11ನೆಯ ಶತಮಾನದಲ್ಲೇ ಸ್ಪೇನಿನ ವಿದ್ವಾಂಸ ಇಬ್ನು ಹಝ್ಮ್ ಬರೆದಿದ್ದಾರೆ.

ಧರ್ಮಗ್ರಂಥದಲ್ಲಿ ಪಡಿತರದ ನಿಯಮಾವಳಿ ಸಿಗುವುದಿಲ್ಲ. ಅದನ್ನು ಅಲ್ಲಿ ಹುಡುಕುವುದೂ ಸರಿಯಲ್ಲ. ಅಲ್ಲಿರುವುದು ಅಳತೆಗೋಲು. ಖಲೀಫರಿಲ್ಲದ, ಬೈತುಲ್ ಮಾಲ್ ಇಲ್ಲದ ಪ್ರಜಾಪ್ರಭುತ್ವದಲ್ಲಿ ಆ ಅಳತೆಗೋಲನ್ನು ಹಿಡಿಯಬೇಕಾದವರು ಪ್ರಜೆಗಳು. ಅಲ್‌ಮಾಊನ್ ಅಧ್ಯಾಯ (107) ಧರ್ಮವನ್ನು ಸುಳ್ಳಾಗಿಸುವವನ ಗುರುತುಗಳನ್ನು ಹೇಳುತ್ತದೆ. ಅನಾಥನನ್ನು ತಳ್ಳುವುದು ಒಂದು. ನಿರ್ಗತಿಕನಿಗೆ ಉಣಿಸುವಂತೆ ಪ್ರೇರೇಪಿಸದಿರುವುದು ಇನ್ನೊಂದು. ಉಣಿಸಲಿಲ್ಲ ಎಂಬುದಲ್ಲ ಆರೋಪ, ಉಣಿಸುವಂತೆ ಒತ್ತಾಯಿಸಲಿಲ್ಲ ಎಂಬುದು. ಕೊಡಲು ಏನೂ ಇಲ್ಲದವನಿಗೂ ಒತ್ತಾಯಿಸಲು ಬಾಯಿಯಿದೆ. ಗ್ರಾಮಸಭೆಯಲ್ಲಿ ಎದ್ದು ಕೇಳುವುದು, ಪಟ್ಟಿಯಿಂದ ಬಿಟ್ಟುಹೋದ ಹೆಸರನ್ನು ಹುಡುಕುವುದು, ಅಕ್ಷರ ಬಾರದ ನೆರೆಯವನಿಗೆ, ಅವನು ಯಾವ ಜಾತಿ ಧರ್ಮದವನೇ ಆಗಿರಲಿ, ಅರ್ಜಿ ಬರೆದುಕೊಡುವುದು ಈ ಸೂಕ್ತದ ಅನುಸರಣೆಯೇ.

ಅಂದು ಭಾತಂಬ್ರಾದಲ್ಲಿ ಆ ಚಾಚಾರಿಗೆ ಅಲ್‌ಮಾಊನ್ ಬಾಯಿಪಾಠ ಇದೆಯೇ ಎಂದು ಕೇಳಿದೆ. ಒಂದಕ್ಷರ ತಪ್ಪದೆ ಓದಿದರು. ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಹಂಗಾದ್ರ ಅರ್ಜಿ ಯಾರ್ ಬರ್ದು ಕೊಡ್ತಾರ್ರಿ?”

ಊರಿನಲ್ಲಿ ಓದು ಬಲ್ಲ ಹುಡುಗರಿದ್ದರು. ಮಸೀದಿಯಲ್ಲಿ ಅವರ ಪಕ್ಕದ ಸಾಲಿನಲ್ಲೇ ನಿಲ್ಲುವವರೂ ಇದ್ದರು. ಅಷ್ಟು ತಿಂಗಳಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.